ಸ್ಟೀರಿಂಗ್ ಹೇಳುವ ಸುದ್ದಿ, ಟೈರು ಕೇಳುವ ದುಡ್ಡು
(ಸ್ಪೋರ್ಟ್ಸ್ ಕಾರುಗಳ ಹೋಲಿಕೆ ಕುರಿತ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಒಂದು ಜೋಡಿ ಕಾರಿನಿಂದಲೇ ಶುರು ಮಾಡೋಣ: ಟೊಯೋಟಾ ಜಿಆರ್86 ಮತ್ತು ಸುಬಾರು ಬಿಆರ್‌ಝಡ್. ಎರಡೂ ತಯಾರಾಗುವುದು ಜಪಾನಿನ ಗುನ್ಮಾದಲ್ಲಿರುವ ಸುಬಾರು ಕಾರ್ಖಾನೆಯಲ್ಲೇ. ಎರಡರಲ್ಲೂ ಅದೇ 2.4 ಲೀಟರ್ ಬಾಕ್ಸರ್ ಎಂಜಿನ್, ಅದೇ ಆರು ಗೇರು, ಅದೇ ಟಾರ್ಸನ್ ಡಿಫರೆನ್ಷಿಯಲ್ (ಎರಡು ಹಿಂಚಕ್ರಗಳಿಗೆ ಶಕ್ತಿ ಹಂಚುವ ಗೇರು ಜೋಡಣೆ), ಅದೇ 2575 ಮಿ.ಮೀ. ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ). ಲಾಂಛನದ ಮೇಲೆ ಬಟ್ಟೆ ಹಾಕಿದರೆ ದೂರದಿಂದ ಯಾವುದು ಯಾವುದೆಂದು ಹೇಳುವುದು ಕಷ್ಟ. ಆದರೆ ಒಂದೇ ತಿರುವಿನಲ್ಲಿ ಎರಡನ್ನೂ ಓಡಿಸಿದವರಿಗೆ ಇವು ಎರಡು ಬೇರೆ ಕಾರುಗಳು.

ಯಾಕೆ? ಈ ಎರಡನೇ ತಲೆಮಾರು 2021ರಲ್ಲಿ ಬಂದಾಗ ಬಿಆರ್‌ಝಡ್‌ನ ಮುಂದಿನ ಸ್ಪ್ರಿಂಗಿನ ಬಿಗಿ ಪ್ರತಿ ಮಿಲಿಮೀಟರಿಗೆ 30 ನ್ಯೂಟನ್, ಹಿಂದಿನದು 35. ಜಿಆರ್86ರಲ್ಲಿ ಮುಂದೆ 28, ಹಿಂದೆ 39. ಹಿಂದಿನ ಆಂಟಿ ರೋಲ್ ಬಾರ್, ಅಂದರೆ ಕಾರು ವಾಲುವುದನ್ನು ತಡೆಯುವ ಸರಳು, ಬಿಆರ್‌ಝಡ್‌ನಲ್ಲಿ 14 ಮಿ.ಮೀ. ದಪ್ಪ, ಜಿಆರ್86ರಲ್ಲಿ 15. ಹಿಂದಿನ ಸ್ಪ್ರಿಂಗನ್ನು 10 ಮಿ.ಮೀ. ಒತ್ತಿದಾಗ ಎರಡರ ನಡುವಿನ ವ್ಯತ್ಯಾಸ 40 ನ್ಯೂಟನ್. ಅಂದರೆ ನಾಲ್ಕು ಕೆ.ಜಿ. ತೂಕದಷ್ಟು. ಇಷ್ಟೇ. ಆದರೆ ಕಾರು ವಾಲುವಾಗ ಮುಂದಿನದಕ್ಕೆ ಹೋಲಿಸಿ ಹಿಂದಿನ ತುದಿ ಹೆಚ್ಚು ಬಿಗಿಯಾದಷ್ಟೂ, ಒಳಗಿನ ಚಕ್ರದಿಂದ ಹೊರಗಿನ ಚಕ್ರಕ್ಕೆ ಹೋಗುವ ಭಾರದಲ್ಲಿ ಹೆಚ್ಚು ಪಾಲು ಹಿಂದಿನ ಜೋಡಿಯ ಮೇಲೆ ಬೀಳುತ್ತದೆ. ಟೈರಿನ ಮೇಲೆ ಭಾರ ಎರಡು ಪಟ್ಟಾದರೆ ಅದರ ಹಿಡಿತ ಎರಡು ಪಟ್ಟಾಗುವುದಿಲ್ಲ, ಸ್ವಲ್ಪ ಕಡಿಮೆಯೇ ಸಿಗುತ್ತದೆ. ಹಾಗಾಗಿ ಹಿಂದಿನ ಜೋಡಿಯ ಒಟ್ಟು ಹಿಡಿತ ಕುಗ್ಗಿ, ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಜಿಆರ್86ರ ಹಿಂಭಾಗ ತಿರುವಿನೊಳಕ್ಕೆ ಹೊರಳುತ್ತದೆ. ಬಿಆರ್‌ಝಡ್ ಅದೇ ಜಾಗದಲ್ಲಿ ಮೂಗು ಸ್ವಲ್ಪ ಹೊರಗೆ ತಳ್ಳಿ ಸಮಾಧಾನವಾಗಿ ಸಾಗುತ್ತದೆ.

ಅಶ್ವಶಕ್ತಿ, ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು, ಗರಿಷ್ಠ ವೇಗ ಎಂಬ ಹೋಲಿಕೆ ಪಟ್ಟಿಯಲ್ಲಿ ಈ ನಾಲ್ಕು ಕೆ.ಜಿ.ಗೆ ಜಾಗವೇ ಇಲ್ಲ. ಓಡಿಸುವವನಿಗೆ ಗೊತ್ತಾಗುವುದು ಮಾತ್ರ ಅದೇ. ಆದ್ದರಿಂದ ಇವತ್ತು ಪಟ್ಟಿಯನ್ನು ಪಕ್ಕಕ್ಕಿಟ್ಟು, ಕೈಗೆ, ಸೊಂಟಕ್ಕೆ, ಕಾಲಿಗೆ ಬರುವ ಸುದ್ದಿ ಎಲ್ಲಿಂದ ಹುಟ್ಟುತ್ತದೆ, ಅದಕ್ಕೆ ಎಷ್ಟು ದುಡ್ಡು ಕೊಡುವುದು ಸರಿ ಎಂದು ನೋಡೋಣ.

ಕೈಗೆ ಬರುವ ಸುದ್ದಿ

"ಸ್ಟೀರಿಂಗ್ ಫೀಲ್ ಚೆನ್ನಾಗಿದೆ" ಎಂದು ಎಲ್ಲರೂ ಬರೆಯುತ್ತಾರೆ. ಏನದು? ಚಕ್ರ ತಿರುಗಿದಾಗ ಟೈರು ರಸ್ತೆಗೆ ಒತ್ತಿಕೊಂಡಿರುವ ಜಾಗ ತುಸು ತಿರುಚಿಕೊಳ್ಳುತ್ತದೆ. ಪಕ್ಕಕ್ಕೆ ತಳ್ಳುವ ಬಲ ಆ ಜಾಗದ ನಟ್ಟನಡುವೆ ಹುಟ್ಟುವುದಿಲ್ಲ, ಸ್ವಲ್ಪ ಹಿಂದೆ ಹುಟ್ಟುತ್ತದೆ. ಈ ಅಂತರವೇ ಚಕ್ರವನ್ನು ನೆಟ್ಟಗೆ ಮಾಡಲು ಎಳೆಯುವ ಸನ್ನೆಕೋಲು. ನಿಮ್ಮ ಕೈಗೆ ಭಾರವಾಗಿ ಸಿಗುವುದು ಆ ಎಳೆತ. ಟೈರು ಹೆಚ್ಚು ಹೆಚ್ಚು ಜಾರತೊಡಗಿದಂತೆ ಬಲದ ಕೇಂದ್ರ ಮುಂದಕ್ಕೆ ಸರಿದು ಅಂತರ ಕಿರಿದಾಗುತ್ತದೆ. ಸಾಮಾನ್ಯ ರಸ್ತೆ ಟೈರಿನಲ್ಲಿ ಈ ಎಳೆತ ಮೂರು ನಾಲ್ಕು ಡಿಗ್ರಿ ಜಾರುಕೋನದ (ಚಕ್ರ ನೋಡುವ ದಿಕ್ಕಿಗೂ ಅದು ನಿಜವಾಗಿ ಸಾಗುವ ದಿಕ್ಕಿಗೂ ನಡುವಿನ ಕೋನ) ಹೊತ್ತಿಗೆ ಉತ್ತುಂಗ ಮುಟ್ಟಿ ಇಳಿಯಲು ಶುರುವಾಗುತ್ತದೆ. ಹಿಡಿತದ ಉತ್ತುಂಗ ಬರುವುದು ಅದಕ್ಕೂ ಆಮೇಲೆ. ಅಂದರೆ ಮುಂದಿನ ಟೈರು ಕೈಬಿಡುವ ಮೊದಲೇ ಸ್ಟೀರಿಂಗ್ ಹಗುರಾಗುತ್ತದೆ. ಒಳ್ಳೆಯ ಸ್ಟೀರಿಂಗ್ ಎಂದರೆ ಈ ಮುನ್ಸೂಚನೆಯನ್ನು ಕೈಗೆ ತಲುಪಿಸುವುದು.

ಇದನ್ನು ಹಾಳು ಮಾಡುವ ದಾರಿಗಳು ಹಲವು. ಕ್ಯಾಸ್ಟರ್ ಕೋನ, ಅಂದರೆ ಮುಂಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ, ಹೆಚ್ಚಿದ್ದರೆ ಸ್ಟೀರಿಂಗ್ ತನ್ನಷ್ಟಕ್ಕೇ ಭಾರವಾಗಿರುತ್ತದೆ, ಟೈರಿನ ಸಣ್ಣ ಬದಲಾವಣೆ ಆ ಭಾರದಲ್ಲಿ ಮುಳುಗುತ್ತದೆ. ಎಲೆಕ್ಟ್ರಿಕ್ ಪವರ್ ಸ್ಟೀರಿಂಗಿನ ಮೋಟಾರಿಗೆ ತನ್ನದೇ ಜಡತ್ವ ಇದೆ, ಅದು ಚಿಕ್ಕ ಕಂಪನಗಳನ್ನು ನುಂಗುತ್ತದೆ. ಸಸ್ಪೆನ್ಷನ್ನಿನ ಕೀಲುಗಳಲ್ಲಿರುವ ರಬ್ಬರ್ ಬುಶ್ ಮೆತ್ತಗಿದ್ದರೆ ಸುದ್ದಿ ತಡವಾಗಿ ಬರುತ್ತದೆ. ಇನ್ನು ಸ್ಪೋರ್ಟ್ ಮೋಡ್! ಹೆಚ್ಚಿನ ಕಾರುಗಳಲ್ಲಿ ಅದು ಮೋಟಾರಿನ ನೆರವನ್ನು ಕಡಿಮೆ ಮಾಡುತ್ತದೆ ಅಷ್ಟೆ. ಭಾರ ಹೆಚ್ಚಾದರೆ ಮಾಹಿತಿ ಹೆಚ್ಚಾಯಿತು ಎಂದಲ್ಲ. ಹೋಲಿಕೆಗೆ ಕುಳಿತಾಗ ಮೊದಲು ಎರಡೂ ಕಾರುಗಳನ್ನು ನಾರ್ಮಲ್ ಮೋಡಿನಲ್ಲೇ ಓಡಿಸಿ.

ಮಜ್ದಾ ಎಂಎಕ್ಸ್-5ರ ಈಗಿನ ಎನ್‌ಡಿ ತಲೆಮಾರು ಬಂದಾಗ, ಆ ಸಾಲಿನಲ್ಲಿ ಮೊದಲ ಬಾರಿಗೆ ಎಲೆಕ್ಟ್ರಿಕ್ ಸ್ಟೀರಿಂಗ್ ಬಂತು. ನಡುಬಿಂದುವಿನ ಸುತ್ತ ಅದು ಕೊಂಚ ಮಂಕು ಎಂಬುದು ನನ್ನ ಅಭಿಪ್ರಾಯ. ಆದರೆ ಮುಂದೆ ಡಬಲ್ ವಿಶ್‌ಬೋನ್ (ಮೇಲೊಂದು ಕೆಳಗೊಂದು ತೋಳು ಚಕ್ರವನ್ನು ಹಿಡಿಯುವ ಸಸ್ಪೆನ್ಷನ್), ಸುಮಾರು ಒಂದು ಟನ್ ತೂಕ, 205 ಮಿ.ಮೀ. ಅಗಲದ ಟೈರು ಎಂಬ ಮೂರು ಸೇರಿ ಆ ಕೊರತೆಯನ್ನು ತುಂಬುತ್ತವೆ. ಕಾರು ಎದ್ದುಕಾಣುವಷ್ಟು ವಾಲುತ್ತದೆ, ಹಲವರು ಅದನ್ನು ದೋಷ ಎನ್ನುತ್ತಾರೆ. ವಾಲುವುದೇ ಇಲ್ಲಿ ಸುದ್ದಿ: ಭಾರ ಎಷ್ಟು ಸರಿಯಿತು ಎಂದು ಸೊಂಟಕ್ಕೆ ಗೊತ್ತಾಗುತ್ತದೆ. ನಂತರ ಮಜ್ದಾ ಸೇರಿಸಿದ ಕೈನೆಮ್ಯಾಟಿಕ್ ಪೋಶ್ಚರ್ ಕಂಟ್ರೋಲ್ ಎಂಬ ವ್ಯವಸ್ಥೆ ತಿರುವಿನಲ್ಲಿ ಒಳಗಿನ ಹಿಂಚಕ್ರದ ಬ್ರೇಕನ್ನು ತೀರಾ ಲಘುವಾಗಿ ಹಿಡಿಯುತ್ತದೆ. ಹಿಂದಿನ ಸಸ್ಪೆನ್ಷನ್ನಿನ ರಚನೆ ಹೇಗಿದೆಯೆಂದರೆ ಬ್ರೇಕ್ ಹಿಡಿದಾಗ ಆ ಮೂಲೆ ಕೆಳಕ್ಕೆ ಎಳೆಯಲ್ಪಡುತ್ತದೆ. ಒಂದು ಗ್ರಾಂ ಕಬ್ಬಿಣ ಸೇರಿಸದೆ ಮಾಡಿದ ಜಾಣ ಕೆಲಸ.

ವಿಶ್‌ಬೋನ್ ಮತ್ತು ಸ್ಟ್ರಟ್

ಎಂಜಿನ್ ಸೀಟಿನ ಹಿಂದಿರುವ ಜೋಡಿಗೆ ಬರೋಣ: ಆಲ್ಪೀನ್ ಎ110 ಮತ್ತು ಪೋರ್ಷೆ 718 ಕೇಮನ್. 252 ಪಿಎಸ್ (ಮೆಟ್ರಿಕ್ ಅಶ್ವಶಕ್ತಿ), ಸುಮಾರು 1,100 ಕೆ.ಜಿ. ಒಂದು ಕಡೆ. 300 ಪಿಎಸ್, 1,335 ಕೆ.ಜಿ. ಇನ್ನೊಂದು ಕಡೆ. ಟನ್ನಿಗೆ ಲೆಕ್ಕ ಹಾಕಿದರೆ ಆಲ್ಪೀನ್‌ಗೆ 229, ಪೋರ್ಷೆಗೆ 225. ಪಟ್ಟಿಯ ಪ್ರಕಾರ ಸಮಸಮ. ರಸ್ತೆಯಲ್ಲಿ ಅಜಗಜಾಂತರ.

ಆಲ್ಪೀನ್‌ನ ನಾಲ್ಕೂ ಮೂಲೆಯಲ್ಲಿ ಡಬಲ್ ವಿಶ್‌ಬೋನ್ ಇದೆ. ಮೈ ವಾಲಿದರೂ ಟೈರು ರಸ್ತೆಗೆ ಹೆಚ್ಚುಕಡಿಮೆ ನೆಟ್ಟಗೇ ನಿಲ್ಲುತ್ತದೆ. ಆದ್ದರಿಂದ ವಾಲುವುದನ್ನು ತಡೆಯಲು ಬಿಗಿ ಸ್ಪ್ರಿಂಗ್ ಬೇಕಾಗಲಿಲ್ಲ. ಮೆತ್ತನೆ ಸ್ಪ್ರಿಂಗು, ತೆಳ್ಳನೆ ಆಂಟಿ ರೋಲ್ ಬಾರ್, ಕೊನೆಯ ಕೆಲವು ಮಿಲಿಮೀಟರ್ ಚಲನೆಯನ್ನು ತಡೆಯಲು ಹೈಡ್ರಾಲಿಕ್ ಬಂಪ್ ಸ್ಟಾಪ್. ಹದಗೆಟ್ಟ ರಸ್ತೆಯಲ್ಲೂ ಅದು ಉಸಿರಾಡುತ್ತಾ ಹೋಗುತ್ತದೆ. ಕೇಮನ್‌ನಲ್ಲಿ ಮುಂದೆಯೂ ಹಿಂದೆಯೂ ಸ್ಟ್ರಟ್, ಅಂದರೆ ಮೇಲಿನ ತೋಳಿನ ಬದಲು ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಸೇರಿದ ಕಂಬವೇ ಚಕ್ರವನ್ನು ಹಿಡಿಯುವ ರಚನೆ. ಸ್ಟ್ರಟ್ ಸಸ್ಪೆನ್ಷನ್ನಿನಲ್ಲಿ ಮೈ ವಾಲಿದಷ್ಟೂ ಹೊರಚಕ್ರ ತನ್ನ ಹೊರ ಅಂಚಿನ ಮೇಲೆ ನಿಲ್ಲತೊಡಗುತ್ತದೆ. ಹಾಗಾಗಿ ವಾಲುವುದನ್ನೇ ತಡೆಯಬೇಕು, ಬಿಗಿ ಹೆಚ್ಚಿಸಬೇಕು. ಇದರ ಫಲ ಕೆಟ್ಟದ್ದೇನಲ್ಲ: ಬ್ರೇಕ್ ಹಿಡಿದು ತಿರುವಿಗೆ ಇಳಿಯುವಾಗ ಕೇಮನ್ ತೋರುವ ಗಟ್ಟಿತನ ಆಲ್ಪೀನ್‌ಗೆ ಇಲ್ಲ. ಟ್ರ್ಯಾಕಿನಲ್ಲಿ ಇಪ್ಪತ್ತು ಸುತ್ತು ಹೊಡೆಯುವವರು ಕೇಮನ್ನನ್ನು, ಬೆಟ್ಟದ ರಸ್ತೆಯಲ್ಲಿ ಬೆಳಗ್ಗೆ ಎರಡು ಗಂಟೆ ಓಡಿಸುವವರು ಆಲ್ಪೀನನ್ನು ಆರಿಸಲಿ ಎಂದು ನಾನು ಹೇಳುತ್ತೇನೆ.

ಆಲ್ಪೀನ್‌ನಲ್ಲಿ ಒಂದೇ ಚಕ್ರ ಸುಮ್ಮನೆ ಸುತ್ತುವುದನ್ನು ತಡೆಯುವ ಮೆಕ್ಯಾನಿಕಲ್ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇಲ್ಲ. ತಿರುವಿನಿಂದ ಹೊರಬರುವಾಗ ಒಳಚಕ್ರ ಸುಮ್ಮನೆ ಸುತ್ತತೊಡಗಿದರೆ ಬ್ರೇಕು ಅದನ್ನು ಹಿಡಿಯುತ್ತದೆ. ರಸ್ತೆಗೆ ಸಾಕು. ಟ್ರ್ಯಾಕಿನಲ್ಲಿ ಹಿಂದಿನ ಬ್ರೇಕು ಕಾಯುತ್ತದೆ, ಪ್ಯಾಡು ಬೇಗ ಸವೆಯುತ್ತದೆ. ಪೋರ್ಷೆಯಲ್ಲೂ ಮೂಲ ಕೇಮನ್‌ಗೆ ಲಿಮಿಟೆಡ್ ಸ್ಲಿಪ್ ಬೇಕೆಂದರೆ ಆಯ್ಕೆಯ ಪಟ್ಟಿಯಿಂದ ಸೇರಿಸಿಕೊಳ್ಳಬೇಕಿತ್ತು. ಇಲ್ಲೊಂದು ಬಲೆ ಇದೆ. ವಿಮರ್ಶೆಗೆ ಬರುವ ಕಾರಿನಲ್ಲಿ ಸಾಮಾನ್ಯವಾಗಿ ಆ ಡಿಫರೆನ್ಷಿಯಲ್ಲು, ಎಲೆಕ್ಟ್ರಾನಿಕ್ ಡ್ಯಾಂಪರು (ಶಾಕ್ ಅಬ್ಸಾರ್ಬರ್), ಸ್ಪೋರ್ಟ್ ಕ್ರೋನೋ ಎಂಬ ಪ್ಯಾಕೇಜು, ದೊಡ್ಡ ಚಕ್ರ ಎಲ್ಲವೂ ಇರುತ್ತವೆ. ನೀವು ಓದಿದ್ದು ಆ ಕಾರಿನ ಕತೆ, ಕೊಳ್ಳುವುದು ಮೂಲ ದರದ ಬೇರೆ ಕಾರು.

ಎರಡನೇ ಗೇರಿನ ಲೆಕ್ಕ

ಮೌಲ್ಯದ ಮಾತಿಗೆ ಹೋಗುವ ಮೊದಲು ಒಂದು ಸಣ್ಣ ಗಣಿತ. ಇದನ್ನು ಯಾವ ಕಾರಿಗೆ ಬೇಕಾದರೂ ನೀವೇ ಮಾಡಬಹುದು. ಎಂಜಿನ್ ನಿಮಿಷಕ್ಕೆ ತಿರುಗುವ ಗರಿಷ್ಠ ಸುತ್ತನ್ನು ಗೇರಿನ ಅನುಪಾತದಿಂದ ಭಾಗಿಸಿ, ಮತ್ತೆ ಫೈನಲ್ ಡ್ರೈವ್‌ನಿಂದ (ಗೇರ್‌ಬಾಕ್ಸಿನ ಆಚೆ, ಚಕ್ರಕ್ಕೆ ಮೊದಲು ಬರುವ ಕೊನೆಯ ಗೇರಿನ ಅನುಪಾತ) ಭಾಗಿಸಿ, ಟೈರಿನ ಸುತ್ತಳತೆಯಿಂದ ಗುಣಿಸಿ, ನಿಮಿಷವನ್ನು ಗಂಟೆಗೆ ತಿರುಗಿಸಿ.

ಜಿಆರ್86: 7,500 ಸುತ್ತು, ಎರಡನೇ ಗೇರು 2.188, ಫೈನಲ್ 4.10. ಟೈರು 215/40 ಆರ್18, ಅದರ ಸುತ್ತಳತೆ ಸುಮಾರು 1.98 ಮೀಟರ್. ಉತ್ತರ ಗಂಟೆಗೆ 99 ಕಿ.ಮೀ. ಎಂಎಕ್ಸ್-5, 2 ಲೀಟರ್, 184 ಪಿಎಸ್‌ನದು: 7,500 ಸುತ್ತು, 2.991, 2.866, ಸುತ್ತಳತೆ 1.94 ಮೀಟರ್. ಉತ್ತರ 102. ಕೇಮನ್ ಮ್ಯಾನುಯಲ್‌ನಲ್ಲಿ ಇದೇ ಲೆಕ್ಕ 130ರ ಹತ್ತಿರ ಬಂದು ನಿಲ್ಲುತ್ತದೆ.

ಎರಡನೇ ಗೇರನ್ನು ಕೆಂಪು ಗೆರೆವರೆಗೆ ಎಳೆದು ಮೂರನೆಯದಕ್ಕೆ ಹಾಕುವ ಸುಖ ಮೊದಲೆರಡು ಕಾರುಗಳಲ್ಲಿ ನೂರರ ಆಸುಪಾಸಿನಲ್ಲಿ ಸಿಗುತ್ತದೆ. ಕೇಮನ್‌ನಲ್ಲಿ ಅದಕ್ಕೆ ಬಹುತೇಕ ರಸ್ತೆಗಳ ಮಿತಿ ದಾಟಬೇಕು. ಹೆಚ್ಚು ದುಡ್ಡು ಕೊಟ್ಟು ಕೊಂಡ ಎಂಜಿನ್ನಿನ ಮೇಲಿನ ಮೂರನೇ ಒಂದು ಭಾಗ ದಿನನಿತ್ಯ ಮಲಗಿರುತ್ತದೆ. ಟರ್ಬೊ ಇರುವ 718ಕ್ಕೆ ಇದು ಅಷ್ಟು ನೋಯುವುದಿಲ್ಲ, ಅದರ 380 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) 1,950 ಸುತ್ತಿಗೇ ಸಿಗುತ್ತದೆ. ನೋವು ಹೆಚ್ಚಿರುವುದು 2020ರಲ್ಲಿ ಬಂದ 4 ಲೀಟರಿನ ಆರು ಸಿಲಿಂಡರ್ ಕೇಮನ್ ಜಿಟಿಎಸ್‌ನಲ್ಲಿ. ಅಷ್ಟು ಒಳ್ಳೆಯ ಎಂಜಿನ್, ಅದರ ಕಂಠ ತೆರೆಯುವ ಹೊತ್ತಿಗೆ ನಿಮ್ಮ ಪರವಾನಗಿ ಅಪಾಯದಲ್ಲಿ.

ಮೊದಲ ತಲೆಮಾರಿನ 86ರ ಕತೆ ಇದಕ್ಕೆ ತದ್ವಿರುದ್ಧ. 2012ರ ಆ 2 ಲೀಟರ್ ಎಂಜಿನ್ನಿನ ಗರಿಷ್ಠ ಟಾರ್ಕ್ 205 ನ್ಯೂಟನ್ ಮೀಟರ್, ಬರುವುದು 6,400 ಸುತ್ತಿನ ಮೇಲೆ. 3,500ರಿಂದ 4,500ರ ನಡುವೆ ಒಂದು ಗುಂಡಿ. ಸಂಚಾರದ ಮಧ್ಯೆ ಹೆಚ್ಚಾಗಿ ಬಳಸುವ ಜಾಗದಲ್ಲೇ ಎಂಜಿನ್ ತೂಕಡಿಸುತ್ತಿತ್ತು. ಹೊಸದರಲ್ಲಿ 250 ನ್ಯೂಟನ್ ಮೀಟರ್ 3,700ಕ್ಕೇ ಸಿಗುತ್ತದೆ. ಆದರೆ ಹಳೆಯದಕ್ಕೆ ಹಾಕಿದ್ದ ಮಿಶೆಲಿನ್ ಪ್ರೈಮಸಿ ಟೈರಿಗೆ ಹಿಡಿತ ಕಡಿಮೆ, ಕಡಿಮೆ ವೇಗದಲ್ಲೇ ಹಿತವಾಗಿ ಜಾರುತ್ತಿತ್ತು. ಅದನ್ನು ಕಿತ್ತು ಅಂಟು ಟೈರು ಹಾಕಿದವರು ಸುತ್ತಿನ ಸಮಯ ಗಳಿಸಿದರು, ಆ ಆಟವನ್ನು ಕಳೆದುಕೊಂಡರು.

ಬ್ರೇಕು: ತೂಕದ ಬಿಲ್

160ರಿಂದ 60ಕ್ಕೆ ಒಮ್ಮೆ ಬ್ರೇಕ್ ಹಿಡಿದರೆ, ಚಾಲಕ ಸೇರಿ 1,180 ಕೆ.ಜಿ. ಇರುವ ಕಾರು ಸರಿಸುಮಾರು 1 ಮೆಗಾಜೂಲ್ ಶಾಖ ಕಕ್ಕಬೇಕು. 1,630 ಕೆ.ಜಿ. ಕಾರಾದರೆ 1.38. ಒಂದು ಸುತ್ತಿನಲ್ಲಿ ಆರು ಬಾರಿ, ಹತ್ತು ಸುತ್ತು. ಹೆಚ್ಚುವರಿ ಶಾಖವನ್ನೆಲ್ಲ ದೊಡ್ಡ ಡಿಸ್ಕು, ದುಬಾರಿ ಪ್ಯಾಡು, ಅಗಲ ಟೈರು ಹೊರಬೇಕು. ತೂಕದ ಕಾರಿನ ಖರ್ಚು ಏರುವುದು ಹೀಗೆ.

ಬ್ರೇಕು ಸೋಲುವಾಗ ಕಾಲಿಗೆ ಬರುವ ಲಕ್ಷಣವನ್ನು ಗುರುತಿಸಲು ಕಲಿಯಿರಿ. ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ನಿಲ್ಲದಿದ್ದರೆ ಪ್ಯಾಡು ಮಿತಿಮೀರಿ ಕಾದಿದೆ. ಪೆಡಲ್ ಸ್ಪಂಜಿನಂತಾಗಿ ತಳಕ್ಕೆ ಹೋದರೆ ದ್ರವ ಕುದಿದು ಆವಿಯ ಗುಳ್ಳೆ ಎದ್ದಿದೆ. ಎರಡನೆಯದು ಹೆಚ್ಚು ಅಪಾಯ. ಡಾಟ್ 4 ದರ್ಜೆಯ ಬ್ರೇಕ್ ದ್ರವದ ಕನಿಷ್ಠ ಕುದಿಬಿಂದು ಹೊಸದರಲ್ಲಿ 230 ಡಿಗ್ರಿ ಸೆಲ್ಸಿಯಸ್, ತೇವ ಹೀರಿದ ಮೇಲೆ 155. ಡಾಟ್ 5.1ಕ್ಕೆ 260 ಮತ್ತು 180. ದ್ರವ ಗಾಳಿಯಿಂದಲೇ ನೀರು ಹೀರುತ್ತದೆ, ಕಾರು ನಿಂತಲ್ಲೇ ನಿಂತಿದ್ದರೂ ಸರಿ. ಎರಡು ವರ್ಷಕ್ಕೊಮ್ಮೆ ಬದಲಿಸಿ, ಟ್ರ್ಯಾಕಿಗೆ ಹೋಗುವವರು ವರ್ಷಕ್ಕೊಮ್ಮೆ. ಹೊಸ ಪ್ಯಾಡು ಹಾಕಿದಾಗ 100ರಿಂದ 20ಕ್ಕೆ ಎಂಟು ಹತ್ತು ಸಲ, ಪೂರ್ತಿ ನಿಲ್ಲಿಸದೆ ಬ್ರೇಕ್ ಹಿಡಿದು, ಆಮೇಲೆ ಹತ್ತು ನಿಮಿಷ ಬ್ರೇಕ್ ಮುಟ್ಟದಂತೆ ಓಡಿಸಿ ಆರಿಸಿ. ಕಾದ ಬ್ರೇಕನ್ನು ಒತ್ತಿಹಿಡಿದು ನಿಂತರೆ ಪ್ಯಾಡಿನ ಪದರ ಡಿಸ್ಕಿನ ಒಂದೇ ಕಡೆ ಅಂಟುತ್ತದೆ, ನಂತರ ಪೆಡಲ್ ನಡುಗುತ್ತದೆ. "ಡಿಸ್ಕ್ ಬೆಂಡ್ ಆಗಿದೆ" ಎಂದು ಹೇಳುವುದು ಬಹುಪಾಲು ಇದನ್ನೇ.

ದುಡ್ಡಿನ ಮಾತು

ಕೊಂಡ ಬೆಲೆಯಿಂದ ಮಾರುವ ಬೆಲೆ ಕಳೆಯಿರಿ. ಅದಕ್ಕೆ ವಿಮೆ, ಸರ್ವಿಸ್, ಟೈರು, ಬ್ರೇಕು, ಇಂಧನ ಕೂಡಿಸಿ, ಓಡಿಸಿದ ಕಿಲೋಮೀಟರಿನಿಂದ ಭಾಗಿಸಿ. ಹೋಲಿಸಬೇಕಾದದ್ದು ಈ ಅಂಕಿ, ಷೋರೂಮ್ ಬೆಲೆಯಲ್ಲ. ಐದಾರು ವರ್ಷ ಹಳೆಯ ದೊಡ್ಡ ಕಾರು ಹೊಸ ಸಣ್ಣ ಕಾರಿನ ಬೆಲೆಗೆ ಸಿಕ್ಕಾಗ ಮನಸ್ಸು ಅತ್ತ ವಾಲುವುದು ಸಹಜ. ದೂರದ ಬೆಟ್ಟ ನುಣ್ಣಗೆ. ಕಾರಿನ ಬೆಲೆ ಇಳಿದಿರುತ್ತದೆ, ಅದರ ಬಿಡಿಭಾಗದ ಬೆಲೆ ಇಳಿದಿರುವುದಿಲ್ಲ.

ಟೈರನ್ನೇ ನೋಡಿ. ಎಂಎಕ್ಸ್-5, ಜಿಆರ್86 ಎರಡರಲ್ಲೂ ನಾಲ್ಕೂ ಚಕ್ರಕ್ಕೆ ಒಂದೇ ಅಳತೆ. ಹಿಂದಿನದು ಹೆಚ್ಚು ಸವೆದರೆ ಮುಂದಕ್ಕೆ ಹಾಕಿ ಸಮ ಮಾಡಬಹುದು. ಮೂಲ ಕೇಮನ್‌ನಲ್ಲಿ ಮುಂದೆ 235, ಹಿಂದೆ 265 ಅಗಲ, ಅದಲುಬದಲು ಸಾಧ್ಯವಿಲ್ಲ. ಹಿಂದಿನ ಜೋಡಿ ಸವೆದಾಗ ಹಿಂದಿನ ಜೋಡಿಯನ್ನೇ ಕೊಳ್ಳಬೇಕು. ಇನ್ನು ಚಕ್ರದ ಗಾತ್ರ ಒಂದು ಇಂಚು ಹೆಚ್ಚಾದಂತೆ ಟೈರಿನ ಬೆಲೆ ಏರುತ್ತದೆ, ಹಾದಿಯ ಹಿತ ಇಳಿಯುತ್ತದೆ. ನನ್ನನ್ನು ಕೇಳಿದರೆ ಆಯ್ಕೆ ಇರುವ ಕಡೆ ಚಿಕ್ಕ ಚಕ್ರವನ್ನೇ ತೆಗೆದುಕೊಳ್ಳಿ.

ಹಳೆಯ ಕಾರು ಕೊಳ್ಳುವವರು ಕೇಳಬೇಕಾದ ಪ್ರಶ್ನೆ ಒಂದೊಂದು ಕಾರಿಗೆ ಒಂದೊಂದು. 2012-13ರ ಆಸುಪಾಸಿನ 86 ಅಥವಾ ಬಿಆರ್‌ಝಡ್ ಆದರೆ, ವಾಲ್ವ್ ಸ್ಪ್ರಿಂಗ್ ರೀಕಾಲ್ (ಕಂಪನಿಯೇ ಕಾರು ವಾಪಸ್ ಕರೆಸಿ ಮಾಡುವ ದುರಸ್ತಿ) ಆಗಿದೆಯೇ, ಯಾರು ಮಾಡಿದರು ಎಂಬ ದಾಖಲೆ ಕೇಳಿ. ಎಂಜಿನ್ ಕೆಳಗಿಳಿಸಿ ಮಾಡುವ ಕೆಲಸ ಅದು, ಕೈ ಶುದ್ಧ ಇರಬೇಕು. ಹೊಸ ತಲೆಮಾರಿನಲ್ಲಿ ಆಯಿಲ್ ಪ್ಯಾನಿಗೆ ಹಚ್ಚಿದ ಸೀಲಂಟ್ ಅಂಟು ಒಳಕ್ಕೆ ಉಕ್ಕಿ, ತುಣುಕಾಗಿ ಕಳಚಿ, ಆಯಿಲ್ ಹೀರುವ ಜಾಲರಿಗೆ ಸಿಕ್ಕಿಕೊಂಡ ಪ್ರಕರಣಗಳಿವೆ. ಅದಲ್ಲದೆ ಅಂಟು ಟೈರು ಹಾಕಿ ಉದ್ದನೆಯ ಬಲ ತಿರುವು ತೆಗೆದಾಗ ಆಯಿಲ್ ಒತ್ತಡ ಕುಸಿಯುವುದನ್ನೂ ಟ್ರ್ಯಾಕ್ ಬಳಕೆದಾರರು ಅಳೆದು ತೋರಿಸಿದ್ದಾರೆ. ಟ್ರ್ಯಾಕಿಗೆ ಬಿಡುವ ಮುನ್ನ ಆಯಿಲ್ ಮಟ್ಟ ಮೇಲಿನ ಗೆರೆಗೇ ಇರಲಿ, ತಾಪ 120 ಡಿಗ್ರಿ ದಾಟಿದರೆ ಒಂದು ಸುತ್ತು ನಿಧಾನಿಸಿ. ಎನ್‌ಡಿ ಎಂಎಕ್ಸ್-5ರ ಮೊದಲ ವರ್ಷಗಳ ಗೇರ್‌ಬಾಕ್ಸ್ ಕೈಕೊಟ್ಟ ಉದಾಹರಣೆಗಳಿವೆ, ಮಜ್ದಾ ಮುಂದೆ ಅದನ್ನು ಸುಧಾರಿಸಿತು. ಆಯಿಲ್ ಕಾದ ಮೇಲೆ ಎರಡು, ಮೂರನೇ ಗೇರು ಹಾಕಿ ತೆಗೆದು ನೋಡಿ, ಕರಕರ ಸದ್ದು ಬಂದರೆ ಬಿಟ್ಟುಬಿಡಿ. ಪೋರ್ಷೆಯಲ್ಲಿ ಎಂಜಿನ್ ಕಂಪ್ಯೂಟರು ಮಿತಿಮೀರಿದ ಸುತ್ತುಗಳ ಲೆಕ್ಕವನ್ನು ಹಂತ ಹಂತವಾಗಿ ಬರೆದಿಟ್ಟಿರುತ್ತದೆ. ಆ ವರದಿ ತೆಗೆಸದೆ ಮುಂಗಡ ಕೊಡಬೇಡಿ.

ಹೋಲಿಸುವ ಕ್ರಮ

ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಒಂದು ಕಾರಿನಲ್ಲಿ ಹೊಸ ಟೈರು, ಇನ್ನೊಂದರಲ್ಲಿ ಮೂರು ಮಿ.ಮೀ. ಉಳಿದದ್ದು ಇದ್ದರೆ ಹೋಲಿಕೆ ಅಲ್ಲಿಗೇ ಮುಗಿಯಿತು. ಸವೆದ ಟೈರಿನ ರಬ್ಬರ್ ಗಟ್ಟೆ ಗಿಡ್ಡ, ತೊನೆಯುವುದಿಲ್ಲ, ಒಣ ರಸ್ತೆಯಲ್ಲಿ ಸ್ಟೀರಿಂಗ್ ಚುರುಕಾಗಿ ಕಾಣುತ್ತದೆ. ಟೈರಿನ ಮೈಮೇಲಿನ ನಾಲ್ಕು ಅಂಕಿಯ ದಿನಾಂಕ ಓದಿ. 3523 ಎಂದರೆ 2023ರ 35ನೇ ವಾರ. ಗಾಳಿಯನ್ನು ತಣ್ಣಗಿರುವಾಗಲೇ ಕಂಪನಿ ಹೇಳಿದ ಮಟ್ಟಕ್ಕೆ ತನ್ನಿ, ಐದಾರು ಡಿಗ್ರಿ ತಾಪ ಏರಿದರೆ ಒತ್ತಡ ಒಂದು ಪಿಎಸ್‌ಐನಷ್ಟು ಏರುತ್ತದೆ.

ಸೀಟು ಸರಿಮಾಡಿ: ಭುಜ ಸೀಟಿಗೆ ತಾಗಿದ್ದಾಗಲೇ ಮಣಿಕಟ್ಟು ಸ್ಟೀರಿಂಗಿನ ನೆತ್ತಿಗೆ ತಲುಪಬೇಕು, ಕ್ಲಚ್ ಪೂರ್ತಿ ಒತ್ತಿದಾಗಲೂ ಮಂಡಿ ಮಡಚಿರಬೇಕು. ಹಳೆಯ ಎನ್‌ಡಿಯಲ್ಲಿ ಸ್ಟೀರಿಂಗ್ ಹತ್ತಿರಕ್ಕೆ ಎಳೆಯಲು ಬರುವುದಿಲ್ಲ, ಆ ಸೌಲಭ್ಯ ಬಂದದ್ದು 2019ರ ಮಾಡೆಲ್‌ನಿಂದ. ಎತ್ತರದವರು ಇದನ್ನು ಮೊದಲೇ ನೋಡಿಕೊಳ್ಳಲಿ.

ಆಮೇಲೆ ಒಂದೇ ರಸ್ತೆ, ಒಂದೇ ದಿನ. ಮೊದಲ ಕಾರು, ಎರಡನೆಯದು, ಮತ್ತೆ ಮೊದಲನೆಯದು. ಮೂರನೇ ಸರದಿ ತಪ್ಪಿಸಬೇಡಿ, ಎರಡನೆಯದಕ್ಕೆ ಕೈ ಒಗ್ಗಿದ ಮೇಲೆ ಮೊದಲನೆಯದು ಹೇಗೆ ಕಾಣುತ್ತದೆ ಎಂಬುದೇ ನಿಜವಾದ ತೀರ್ಪು. ಮುಚ್ಚಿದ ಮೈದಾನ ಸಿಕ್ಕರೆ 30 ಮೀಟರ್ ತ್ರಿಜ್ಯದ ವೃತ್ತ ಹಾಕಿ. 50 ಕಿ.ಮೀ. ವೇಗದಲ್ಲಿ ಪಕ್ಕದ ಬಲ 0.66 ಜಿ (ಕಾರಿನ ತೂಕದ 0.66 ಪಾಲು), 60ರಲ್ಲಿ 0.94, ಅಂದರೆ ಒಳ್ಳೆಯ ರಸ್ತೆ ಟೈರಿನ ಮಿತಿಯ ಬಳಿ. ಐವತ್ತರಿಂದ ಮೆಲ್ಲಗೆ ಏರಿಸುತ್ತಾ ಹೋಗಿ, ಸ್ಟೀರಿಂಗ್ ಯಾವ ವೇಗದಲ್ಲಿ ಹಗುರಾಯಿತು, ಮೂಗು ಯಾವ ವೇಗದಲ್ಲಿ ಹೊರಗೆ ಹೋಯಿತು ಎಂಬ ಎರಡೇ ಅಂಕಿ ಬರೆದುಕೊಳ್ಳಿ. ಅವೆರಡರ ನಡುವಿನ ಅಂತರ ದೊಡ್ಡದಿದ್ದಷ್ಟೂ ಕಾರು ಮುಂಚಿತವಾಗಿ ಹೇಳುತ್ತದೆ.

ಕೊನೆಯಲ್ಲಿ ಸಭೆಯಿಂದ ಬಂದ ಪ್ರಶ್ನೆ: ಕಾರು ಕೊಂಡ ಮೇಲೆ ಮೊದಲು ಏನನ್ನು ಬದಲಿಸಬೇಕು? ಎಕ್ಸಾಸ್ಟ್ ಅಲ್ಲ. ಬ್ರೇಕ್ ದ್ರವ, ಆಮೇಲೆ ಅಲೈನ್‌ಮೆಂಟ್ (ಚಕ್ರಗಳ ಕೋನಗಳ ಹೊಂದಾಣಿಕೆ). ಎಂಎಕ್ಸ್-5ರಲ್ಲಿ ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ತಿರುಗಿಸುವ ಬೋಲ್ಟು ಮುಂದೆಯೂ ಹಿಂದೆಯೂ ಕಾರ್ಖಾನೆಯಿಂದಲೇ ಇದೆ, ಯಾವ ಭಾಗವನ್ನೂ ಕೊಳ್ಳಬೇಕಿಲ್ಲ. ಜಿಆರ್86ರ ಮುಂಚಕ್ರದ ಕ್ಯಾಂಬರ್ ಸೊನ್ನೆಯ ಹತ್ತಿರ ಇರುತ್ತದೆ, ಟ್ರ್ಯಾಕಿನಲ್ಲಿ ಟೈರಿನ ಹೊರ ಅಂಚು ಒಂದೇ ದಿನದಲ್ಲಿ ಉರುಟಾಗುತ್ತದೆ. ಸ್ಟ್ರಟ್ಟನ್ನು ಚಕ್ರ ಹೊರುವ ನಕಲ್ ಎಂಬ ಭಾಗಕ್ಕೆ ಬಿಗಿಯುವ ಬೋಲ್ಟಿನ ಜಾಗದಲ್ಲಿ ತೆಳ್ಳನೆಯ ಕ್ಯಾಂಬರ್ ಬೋಲ್ಟು ಹಾಕಿದರೆ ಮೈನಸ್ ಒಂದು, ಒಂದೂವರೆ ಡಿಗ್ರಿ (ಚಕ್ರದ ಮೇಲ್ತುದಿ ಒಳಕ್ಕೆ) ಸಿಗುತ್ತದೆ. ಬಿಗಿಯುವಾಗ ಟಾರ್ಕ್ ವ್ರೆಂಚ್ ಬಳಸಿ, ನೂರು ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ನೋಡಿ. ಕ್ಯಾಂಬರ್ ಬದಲಿಸಿದಾಗ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಕೂಡ ಬದಲಾಗಿರುತ್ತದೆ, ಅದನ್ನು ಸರಿಮಾಡಿಸದೆ ಮನೆಗೆ ತರಬೇಡಿ.